ಲೆಕ್ಕಭಂಡಾರದ ನಕಲೂ ಪುನರುದ್ಧಾರವೂ
ಪೋಸ್ಟ್‌ಗ್ರೆಸ್ ಏರ್ಪಾಡಿನಲ್ಲಿ ಹಳೆಯ ಪದ್ಧತಿಯನ್ನು ಬಿಟ್ಟ ವಿಚಾರ

ಜಮೀನಿನ ಹಕ್ಕುದಾಖಲೆಗಳು ಪೂರ್ವದಲ್ಲಿ ಶಾನುಭೋಗರ ದಫ್ತರದಲ್ಲಿದ್ದು, ಅನಂತರ ಗ್ರಾಮಲೆಕ್ಕಿಗರ ಕೈಗೆ ಬಂದು, ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಯಂತ್ರದೊಳಕ್ಕೆ ಸೇರಿದ ಸಂಗತಿಯು ಗ್ರಾಮದ ಮುಖಂಡರೆಲ್ಲರಿಗೂ ಗೊತ್ತಿರತಕ್ಕದ್ದೇ ಆಗಿದೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಪಟ್ಟ ಸುಮಾರು ೨ ಕೋಟಿ ಪಹಣಿಗಳು ಈ ರೀತಿ ಯಂತ್ರಕ್ಕೆ ಏರಿದುವು. ೨೦೨೨ನೆಯ ಇಸವಿ ಜೂನ್ ತಿಂಗಳಲ್ಲಿ ಭಾರತ ಸರ್ಕಾರದವರು ದೇಶದ ಸುಮಾರು ೬೩ ಸಾವಿರ ಪ್ರಾಥಮಿಕ ವ್ಯವಸಾಯ ಸಹಕಾರ ಸಂಘಗಳ ಲೆಕ್ಕಗಳನ್ನೂ ಇದೇ ಮಾರ್ಗಕ್ಕೆ ತರಲು ಮಂಜೂರಾತಿ ಕೊಟ್ಟರು. ಹೀಗಿರುವಲ್ಲಿ, ಯಂತ್ರದೊಳಗಿನ ಲೆಕ್ಕವು ಕೆಟ್ಟುಹೋದರೆ ಅದನ್ನು ತಿರುಗಿ ಪಡೆಯುವುದು ಹೇಗೆ ಎಂಬುದು ಕೇವಲ ಎಂಜಿನಿಯರುಗಳಿಗೆ ಬಿಡತಕ್ಕ ಪ್ರಶ್ನೆಯಲ್ಲ. ಜಮೀನು ಯಾರ ಹೆಸರಿನಲ್ಲಿದೆ, ಸಾಲ ಎಷ್ಟು ತೀರಿದೆ ಎಂಬುದೆಲ್ಲ ಆ ಲೆಕ್ಕವನ್ನೇ ಅವಲಂಬಿಸಿರುತ್ತದೆ.

ಈ ಲೇಖನದಲ್ಲಿ ವಿವರಿಸುವುದು ‘ಪೋಸ್ಟ್‌ಗ್ರೆಸ್’ ಎಂಬ ಹೆಸರಿನ ಡೇಟಾಬೇಸಿನ ವಿಚಾರ. ಮೇಲೆ ಹೇಳಿದ ಯೋಜನೆಗಳಲ್ಲಿ ಬಳಕೆಯಲ್ಲಿರುವುದು ಇದೇ ಎಂದು ವಾಚಕರು ಭಾವಿಸಬೇಕಾದುದಿಲ್ಲ. ಆದರೆ ಇದು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು, ಒಳಗಿನ ಬರಹವನ್ನು ಓದಿನೋಡಬಹುದಾದಂಥ ಏರ್ಪಾಡು. ಇದನ್ನು ನಡೆಸುವವರ ಚರ್ಚೆಗಳೂ ಬಹಿರಂಗವಾಗಿಯೇ ನಡೆಯುವುದರಿಂದ, ಒಂದು ಹಳೆಯ ಪದ್ಧತಿಯನ್ನು ಬಿಡಬೇಕೇ ಬೇಡವೇ ಎಂದು ಬಹುವರ್ಷ ಯೋಚಿಸಿ ಕಡೆಗೆ ಬಿಟ್ಟ ಬಗೆಯನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಯಂತ್ರದ ಖಿರ್ದಿಯೂ ಖಾತೆಯೂ

ಅಂಗಡಿಯ ಲೆಕ್ಕ ಬಲ್ಲವರಿಗೆ ಈ ವಿಷಯವನ್ನು ತಿಳಿಸುವುದು ಕಷ್ಟವಲ್ಲ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಮೊದಲು ಖಿರ್ದಿಯಲ್ಲಿ ಬರೆದು, ಬಿಡುವಾದಾಗ ಅದರಿಂದ ಖಾತೆ ಪುಸ್ತಕಕ್ಕೆ ಏರಿಸುವುದು ಸಂಪ್ರದಾಯವಷ್ಟೆ. ಪೋಸ್ಟ್‌ಗ್ರೆಸ್ ಯಂತ್ರವೂ ಹಾಗೆಯೇ ಮಾಡುತ್ತದೆ. ಯಾವ ಬದಲಾವಣೆಯಾಗಲಿ ಮೊದಲು ಅದರ ಖಿರ್ದಿಯಲ್ಲಿ ದಾಖಲಾಗಿ, ಆ ಬರಹವು ಡಿಸ್ಕಿನ ಮೇಲೆ ಭದ್ರವಾಗಿ ನಿಂತ ಮೇಲೆಯೇ ‘ಕೆಲಸವಾಯಿತು’ ಎಂದು ಯಂತ್ರವು ಒಪ್ಪಿಕೊಳ್ಳುವುದು. ಖಾತೆಯ ಪುಟಗಳಿಗೆ ಏರಿಸುವ ಕೆಲಸವು ಅನಂತರ ಸಾವಕಾಶವಾಗಿ ನಡೆಯುವುದು. ನಡುವೆ ವಿದ್ಯುಚ್ಛಕ್ತಿ ನಿಂತುಹೋದರೂ, ಯಂತ್ರವು ಮತ್ತೆ ಎದ್ದಾಗ ಖಿರ್ದಿಯನ್ನು ಓದಿ, ಏರಿಸದೆ ಉಳಿದಿದ್ದುದನ್ನು ಏರಿಸಿಕೊಳ್ಳುವುದು. ಈ ಖಿರ್ದಿಯ ಪದ್ಧತಿಯು ೨೦೦೧ನೆಯ ಇಸವಿಯ ೭.೧ ಎಂಬ ಆವೃತ್ತಿಯಲ್ಲಿ ಬಂದಿತು. ಮೂಲದ ಪೋಸ್ಟ್‌ಗ್ರೆಸ್ ಮಾತ್ರ ಇನ್ನೂ ಹಳೆಯದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪಂಡಿತರ ಮುಖಂಡತ್ವದಲ್ಲಿ ೧೯೮೬ರಲ್ಲಿ ಆರಂಭವಾದುದು.

ಖಿರ್ದಿಯಿಂದ ಇನ್ನೊಂದು ದೊಡ್ಡ ಪ್ರಯೋಜನವೂ ಉಂಟು. ಭಾನುವಾರ ರಾತ್ರಿ ಖಾತೆ ಪುಸ್ತಕದ ಪೂರ್ತಿ ನಕಲೊಂದನ್ನು ತೆಗೆದು ಬೇರೆ ಕಡೆ ಇಟ್ಟು, ಅಲ್ಲಿಂದೀಚೆಗಿನ ಖಿರ್ದಿಯ ಹಾಳೆಗಳನ್ನೂ ಒಂದೊಂದಾಗಿ ಕೂಡಿಡುತ್ತ ಬಂದರೆ, ಗುರುವಾರ ಮೂಲಪುಸ್ತಕವು ಸುಟ್ಟುಹೋದಾಗ್ಗೆ, ಭಾನುವಾರದ ನಕಲನ್ನು ಮುಂದಿಟ್ಟುಕೊಂಡು ಖಿರ್ದಿಯ ಪ್ರಕಾರ ಗುರುವಾರದವರೆಗೂ ಏರಿಸುತ್ತ ಬರಬಹುದು. ಅಷ್ಟೇ ಅಲ್ಲ. ಗುರುವಾರ ಬೆಳಗ್ಗೆ ೧೧ ಗಂಟೆ ೫ ನಿಮಿಷಕ್ಕೆ ಒಬ್ಬ ಗುಮಾಸ್ತನು ತಪ್ಪಿ ಒಂದು ಹೋಬಳಿಯ ಲೆಕ್ಕವನ್ನೆಲ್ಲ ಅಳಿಸಿದನೆಂದು ಇಟ್ಟುಕೊಳ್ಳೋಣ. ಖಿರ್ದಿಯನ್ನು ೧೧ ಗಂಟೆ ೪ ನಿಮಿಷದವರೆಗೆ ಮಾತ್ರ ಏರಿಸಿ ಅಲ್ಲಿಗೇ ನಿಲ್ಲಿಸಿದರೆ ಆ ತಪ್ಪು ನಡೆಯದೆಯೇ ಇದ್ದಂತಾಗುವುದು. ಕಾಗದದ ಲೆಕ್ಕದಲ್ಲಿ ಇಂಥ ಸೌಕರ್ಯವು ಎಂದೂ ಇರಲಿಲ್ಲ. ಪೋಸ್ಟ್‌ಗ್ರೆಸಿನಲ್ಲಿ ಇದು ೨೦೦೫ನೆಯ ಜನವರಿಯಲ್ಲಿ ಹೊರಬಂದ ೮.೦ ಆವೃತ್ತಿಯಲ್ಲಿ ಸಿದ್ಧವಾಯಿತು.

ಒಂದು ಕಡತಕ್ಕೆ ಎರಡು ಕೆಲಸ

ಈ ಪುನರುದ್ಧಾರದ ಕೆಲಸಕ್ಕೆ ಯಂತ್ರಕ್ಕೆ ಕೆಲವು ಅಪ್ಪಣೆಗಳನ್ನು ಕೊಡಬೇಕಾಗುವುದು: ಕೂಡಿಟ್ಟ ಖಿರ್ದಿಯ ಹಾಳೆಗಳು ಎಲ್ಲಿವೆ, ಯಾವ ಗಳಿಗೆಗೆ ನಿಲ್ಲಿಸಬೇಕು, ಆ ಗಳಿಗೆಯ ವ್ಯವಹಾರವನ್ನೂ ಸೇರಿಸಬೇಕೆ ಬಿಡಬೇಕೆ, ಇತ್ಯಾದಿ. ಯಂತ್ರದ ಮಿಕ್ಕ ಎಲ್ಲ ಅಪ್ಪಣೆಗಳೂ ‘ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್’ ಎಂಬ ಮುಖ್ಯ ಕಡತದಲ್ಲಿದ್ದುವು. ಪುನರುದ್ಧಾರವು ಅಪರೂಪಕ್ಕೊಮ್ಮೆ ನಡೆಯುವ ಕಾರ್ಯವಾದುದರಿಂದ, ಅದರ ಅಪ್ಪಣೆಗಳಿಗೆ ‘ರಿಕವರಿ.ಕಾನ್ಫ್’ ಎಂಬ ಬೇರೊಂದು ಕಡತವನ್ನು ಏರ್ಪಡಿಸಿದರು. ಈ ಕಡತದಲ್ಲಿ ಬರೆದಿದ್ದುದು ಅಪ್ಪಣೆ. ಕಡತವು ಅಲ್ಲಿ ಇರುವುದೇ ಸನ್ನೆ. ಯಂತ್ರವು ಎದ್ದಾಗ ಆ ಕಡತ ಕಣ್ಣಿಗೆ ಬಿದ್ದರೆ ಪುನರುದ್ಧಾರವನ್ನು ಮಾಡುವುದು, ಇಲ್ಲವಾದರೆ ಮಾಮೂಲಿನಂತೆ ಕೆಲಸಕ್ಕೆ ತೊಡಗುವುದು. ಕಾರ್ಯ ಮುಗಿದ ಮೇಲೆ ಯಂತ್ರವೇ ಆ ಕಡತದ ಹೆಸರನ್ನು ‘ರಿಕವರಿ.ಡನ್’ ಎಂದು ಬದಲಿಸಿಬಿಡುತ್ತಿತ್ತು. ವರ್ಷಕ್ಕೊಂದು ಸಲ ನಡೆಯುವ ಕೆಲಸಕ್ಕೆ ಈ ಏರ್ಪಾಡು ಧಾರಾಳವಾಗಿ ಸಾಕಾಗಿತ್ತೆಂದೇ ಹೇಳಬೇಕು.

ಆದರೆ ೨೦೧೦ನೆಯ ಸೆಪ್ಟೆಂಬರಿನಲ್ಲಿ ೯.೦ ಆವೃತ್ತಿ ಬಂದಾಗ ಪರಿಸ್ಥಿತಿ ಬೇರೆಯಾಯಿತು. ಆಗಿನಿಂದ, ಮೂಲಯಂತ್ರದ ಪಕ್ಕದಲ್ಲಿ ಎರಡನೆಯ ಯಂತ್ರವೊಂದನ್ನು ನಿಲ್ಲಿಸಿ, ಮೂಲದ ಖಿರ್ದಿಯು ಬರೆದಂತೆ ಬರೆದಂತೆ ತಂತಿಯ ಮೂಲಕ ಅದಕ್ಕೆ ಹರಿದುಬರುವಂತೆ ಮಾಡುವುದು ಸಾಧ್ಯವಾಯಿತು. ಈ ಅನುಯಾಯಿ ಯಂತ್ರವು ಹಗಲಿರುಳೂ ಖಿರ್ದಿಯನ್ನು ಏರಿಸುತ್ತಲೇ ಇರುವುದು. ಅದರಲ್ಲಿ ಲೆಕ್ಕವನ್ನು ಓದಿನೋಡಬಹುದು, ತಿದ್ದುವಂತಿಲ್ಲ. ಮೂಲಯಂತ್ರವು ಕೆಟ್ಟರೆ ಅನುಯಾಯಿಯನ್ನು ಪಟ್ಟಕ್ಕೇರಿಸಿ ಕಾರ್ಯಭಾರವನ್ನು ವಹಿಸುವರು. ವಿಚಾರಮಾಡಿದರೆ ಅನುಯಾಯಿಯ ಬಾಳೆಲ್ಲ ಎಂದಿಗೂ ಮುಗಿಯದ ಒಂದು ಪುನರುದ್ಧಾರವೇ ಸರಿ. ಆದಕಾರಣ ಅದರ ಅಪ್ಪಣೆಗಳನ್ನೂ ಅದೇ ರಿಕವರಿ.ಕಾನ್ಫ್ ಕಡತಕ್ಕೆ ಸೇರಿಸಿದರು. ವರ್ಷಕ್ಕೊಂದು ಸಲ ತೆರೆಯುವ ಕಣಜದ ಬಾಗಿಲಿನಲ್ಲಿ ದಿನವೂ ಗಾಡಿ ಹೊಡೆದಂತಾಯಿತು.

ಇದರಿಂದ ಬಂದ ತೊಂದರೆಗಳು ಒಂದೆರಡಲ್ಲ. ಮುಖ್ಯ ಕಡತದಲ್ಲಿನ ಯಾವ ಅಪ್ಪಣೆಯನ್ನಾದರೂ ಯಂತ್ರವನ್ನೇ ಕೇಳಿ ತಿಳಿಯಬಹುದಾಗಿತ್ತು, ರಿಕವರಿ.ಕಾನ್ಫ್‌ನಲ್ಲಿರುವುದನ್ನು ತಿಳಿಯಲು ಕಡತವನ್ನೇ ತೆರೆದು ಓದಬೇಕಾಗಿತ್ತು. ಮುಖ್ಯ ಕಡತದಲ್ಲಿ ಎಷ್ಟೋ ಅಪ್ಪಣೆಗಳನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಾಯಿಸಬಹುದಾಗಿತ್ತು. ಇಲ್ಲಿಯದನ್ನು ಯಂತ್ರವು ಏಳುವಾಗ ಒಂದೇ ಸಲ ಓದುತ್ತಿದ್ದುದರಿಂದ, ಸಣ್ಣ ತಿದ್ದುಪಾಟಿಗೂ ನಿಲ್ಲಿಸಿ ಎಬ್ಬಿಸುವುದು ಅನಿವಾರ್ಯವಾಗಿತ್ತು. ೨೦೧೪ರ ೯.೪ ಆವೃತ್ತಿಯಲ್ಲಿ, ಅಪ್ಪಣೆಗಳನ್ನು ಡೇಟಾಬೇಸಿನ ಒಳಗಿನಿಂದಲೇ ಬದಲಿಸುವ ಅನುಕೂಲವು ಬಂದಿತು. ಅದೂ ಈ ಕಡತಕ್ಕೆ ಮಾತ್ರ ದಕ್ಕಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅನುಯಾಯಿಯು ಪಟ್ಟಕ್ಕೇರಿದ ಕೂಡಲೇ ಅದರ ಅಪ್ಪಣೆಯ ಕಡತವು ಹೆಸರು ಕಳೆದುಕೊಂಡು ಬೇರೆಯಾಗುತ್ತಿತ್ತು. ಅದೇ ಯಂತ್ರವನ್ನು ಮುಂದೊಮ್ಮೆ ಅನುಯಾಯಿಯಾಗಿ ನಿಲ್ಲಿಸಬೇಕಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಯಂತ್ರದ ಪಾತ್ರವೂ ಅದರ ಸ್ಥಿರವಾದ ವಿಳಾಸವೂ ಒಂದೇ ಕಾಗದದಲ್ಲಿದ್ದರೆ ಹೀಗಾಗುವುದು ಸಹಜ.

ಎಂಟು ವರ್ಷದ ಚರ್ಚೆ

ಈ ಕಡತವನ್ನು ಮುಖ್ಯ ಕಡತದಲ್ಲಿ ಲೀನಮಾಡಬೇಕೆಂಬ ಸಲಹೆಯು ೯.೦ ಹೊರಬಂದ ಸ್ವಲ್ಪ ಕಾಲದಲ್ಲಿಯೇ ಹುಟ್ಟಿತು. ಅದು ಜಾರಿಗೆ ಬಂದುದು ಮಾತ್ರ ೨೦೧೮ನೆಯ ನವೆಂಬರಿನಲ್ಲಿ. ಇಷ್ಟು ತಡವಾದುದಕ್ಕೆ ಕೆಲಸದ ಕಷ್ಟಕ್ಕಿಂತಲೂ ಹಳೆಯ ಬಳಕೆದಾರರ ವಿಷಯದ ಭಯವೇ ಹೆಚ್ಚು ಕಾರಣವೆಂದು ತೋರುತ್ತದೆ. ಆ ಭಯವನ್ನು ಹಗುರವಾಗಿ ಕಾಣಲಾಗದು. ರಿಕವರಿ.ಕಾನ್ಫ್ ಕಡತವನ್ನು ಬರೆಯುತ್ತಿದ್ದವರು ಮನುಷ್ಯರು ಮಾತ್ರವಲ್ಲ. ರೆಪ್‌ಎಂಜಿಆರ್, ಪಟ್ರೋನಿ, ಪಿಜಿಬ್ಯಾಕ್‌ರೆಸ್ಟ್ ಮುಂತಾದ ಹೊರಗಿನ ಸಲಕರಣೆಗಳು ಆ ಹೆಸರಿನ ಕಡತವನ್ನೇ ನಂಬಿ ನಿಂತಿದ್ದುವು. ಅದಲ್ಲದೆ, ಲೆಕ್ಕವಿಡಲಾಗದಷ್ಟು ಕಚೇರಿಗಳಲ್ಲಿ ಯಾರೋ ಒಮ್ಮೆ ಬರೆದಿಟ್ಟು ಹೋದ ಸಣ್ಣ ಸಣ್ಣ ಆಜ್ಞಾಪತ್ರಗಳು ನಡುರಾತ್ರಿ ತಾವಾಗಿಯೇ ಕೆಲಸ ಮಾಡುತ್ತಿದ್ದುವು. ಬರೆದವನು ಕೆಲಸ ಬಿಟ್ಟುಹೋಗಿದ್ದಾನೆ, ಈಗಿರುವವನು ಅದನ್ನು ಎಂದೂ ತೆರೆದು ನೋಡಿಲ್ಲ. ಇಂಥದು ಕೆಡುವುದು ಬೆಂಕಿ ಬಿದ್ದ ದಿವಸವೇ ಗೊತ್ತಾಗುವುದು.

ಮಧ್ಯಮಾರ್ಗಗಳನ್ನೂ ಹುಡುಕಿದರು. ಹೊಸದು ಹಳೆಯದು ಎರಡನ್ನೂ ಯಂತ್ರವು ಓದಲಿ ಎಂಬುದು ಒಂದು ಯೋಚನೆ. ಹಳೆಯ ಹೆಸರಿನ ಕಡತವನ್ನು ಸನ್ನೆಗಾಗಿ ಮಾತ್ರ ಉಳಿಸೋಣ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಉದಾರವಾಗಿ ಕಾಣುವುವು. ಆದರೆ ಒಂದೇ ಅಪ್ಪಣೆಯು ಎರಡು ಕಡತಗಳಲ್ಲಿ ಎರಡು ಬಗೆಯಾಗಿ ಇದ್ದರೆ ಯಾವುದಕ್ಕೆ ಬೆಲೆ? ಒಂದೇ ಸರ್ವೆ ನಂಬರಿಗೆ ಎರಡು ಖಾತೆಗಳಿದ್ದಾಗ ಆಗುವ ಅವಾಂತರವನ್ನು ಕಂಡವರಿಗೆ ಈ ಪ್ರಶ್ನೆಯ ತೂಕವು ತಿಳಿಯದೆ ಇರದು.

ಕಡೆಗೆ ಫುಜಿಯಿ ಮಸಾವೊ, ಸೈಮನ್ ರಿಗ್ಸ್, ಅಭಿಜಿತ್ ಮೆನನ್‌ಸೆನ್, ಸೆರ್ಗೈ ಕೊರ್ನಿಲೊವ್ ಎಂಬ ನಾಲ್ವರ ಹೆಸರಿನಲ್ಲಿ ಆ ತಿದ್ದುಪಡಿಯು ಸಿದ್ಧವಾಗಿ, ಪೀಟರ್ ಐಸೆನ್‌ಟ್ರಾಟ್ ಎಂಬವರ ಕೈಯಿಂದ ಮೂಲಗ್ರಂಥಕ್ಕೆ ಸೇರಿತು. ೨೦೧೯ನೆಯ ಅಕ್ಟೋಬರ್ ೩ರಂದು ಹೊರಬಂದ ೧೨ನೆಯ ಆವೃತ್ತಿಯಲ್ಲಿ ಅದು ಎಲ್ಲರ ಕೈಗೂ ಬಂದಿತು. ಜಪಾನು, ಇಂಗ್ಲೆಂಡು, ಭಾರತ, ರಷ್ಯಾ ಎಂದು ಬೇರೆ ಬೇರೆ ಮೂಲದವರು ಒಂದರ ಮೇಲೊಂದು ಕೈಯಿಟ್ಟು ಮುಗಿಸಿದ ಕೆಲಸವಿದು.

ಹೊಸ ಏರ್ಪಾಡೂ ಬಾಗಿಲಿನಲ್ಲಿಯ ತಡೆಯೂ

ಹೊಸ ಏರ್ಪಾಡಿನ ಸಾರವು ಸುಲಭವಾದುದು. ಅಪ್ಪಣೆಗಳೆಲ್ಲ ಮುಖ್ಯ ಕಡತಕ್ಕೆ ಹೋದುವು. ಸನ್ನೆಗೆ ಬೇರೆಯಾಗಿ ಎರಡು ಬರಿಯ ಕಡತಗಳಾದುವು: ‘ರಿಕವರಿ.ಸಿಗ್ನಲ್’ ಇದ್ದರೆ ಯಂತ್ರವು ಹೇಳಿದ ಗಳಿಗೆಯವರೆಗೆ ಪುನರುದ್ಧಾರ ಮಾಡುವುದು, ‘ಸ್ಟ್ಯಾಂಡ್‌ಬೈ.ಸಿಗ್ನಲ್’ ಇದ್ದರೆ ಅನುಯಾಯಿಯಾಗಿ ನಿಲ್ಲುವುದು. ಇವುಗಳೊಳಗೆ ಏನನ್ನೂ ಬರೆಯಬೇಕಾದುದಿಲ್ಲ. ಎರಡೂ ಇದ್ದಲ್ಲಿ ಅನುಯಾಯಿಯ ಸನ್ನೆಗೇ ಪ್ರಾಶಸ್ತ್ಯ. ಮುಖ್ಯ ಕಡತದಲ್ಲಿ ಪುನರುದ್ಧಾರದ ಅಪ್ಪಣೆಗಳು ಇದ್ದುಕೊಂಡೇ ಇರಬಹುದು. ಸನ್ನೆಯಿಲ್ಲದಿದ್ದರೆ ಯಂತ್ರವು ಅವುಗಳ ಗೊಡವೆಗೆ ಹೋಗುವುದಿಲ್ಲ. ಆದುದರಿಂದ ಮೂಲಯಂತ್ರದಲ್ಲಿಯೂ ಅನುಯಾಯಿಯಲ್ಲಿಯೂ ಒಂದೇ ಬಗೆಯ ಮುಖ್ಯ ಕಡತವನ್ನಿಟ್ಟು, ಸನ್ನೆಯಿಂದ ಮಾತ್ರ ಪಾತ್ರಗಳನ್ನು ಬದಲಾಯಿಸಬಹುದಾಯಿತು.

ಹಳೆಯ ರಿಕವರಿ.ಕಾನ್ಫ್ ಕಡತವು ಇನ್ನೂ ಅಲ್ಲಿಯೇ ಬಿದ್ದಿದ್ದರೆ ಏನಾಗುವುದು? ಯಂತ್ರವು ಏಳಲು ನಿರಾಕರಿಸಿ, ಈ ಕಡತಕ್ಕೆ ಈಗ ಮಾನ್ಯತೆಯಿಲ್ಲವೆಂದು ತಿಳಿಸಿ ನಿಂತುಬಿಡುವುದು. ಇದು ಕಠಿನವೆಂದು ಮೊದಲು ತೋರಬಹುದು. ಹಳೆಯದನ್ನು ಓದದೆ ಸುಮ್ಮನೆ ಬದಿಗೊತ್ತಿ ಮುಂದೆ ಹೋಗಬಾರದಾಗಿತ್ತೆ? ಇಲ್ಲಿಯೇ ವಿಷಯದ ತಿರುಳಿರುವುದು. ಅನುಯಾಯಿ ಯಂತ್ರವೊಂದು ಹೊಸ ಆವೃತ್ತಿಗೆ ಏರಿದೆ, ಹಳೆಯ ಆಜ್ಞಾಪತ್ರವು ಅಭ್ಯಾಸದಂತೆ ರಿಕವರಿ.ಕಾನ್ಫ್ ಬರೆದಿಟ್ಟಿದೆ, ಯಂತ್ರವು ಅದನ್ನು ಲಕ್ಷಿಸದೆ ಎದ್ದಿತು ಎಂದಿಟ್ಟುಕೊಳ್ಳಿ. ಸನ್ನೆ ಕಾಣದುದರಿಂದ ಅದು ತಾನೇ ಮೂಲಯಂತ್ರವೆಂದು ತಿಳಿದು ಬಾಗಿಲು ತೆರೆದು, ಹೊಸ ವ್ಯವಹಾರಗಳನ್ನು ಬರೆದುಕೊಳ್ಳಲು ಸಿದ್ಧವಾಗುವುದು. ನಿಜವಾದ ಮೂಲಯಂತ್ರವೂ ಅಲ್ಲಿ ಬರೆಯುತ್ತಲೇ ಇದೆ. ಒಬ್ಬನ ಖಾತೆ ಬದಲಾವಣೆಯು ಒಂದರಲ್ಲಿ, ಇನ್ನೊಬ್ಬನ ಕಂತು ಮತ್ತೊಂದರಲ್ಲಿ ದಾಖಲಾಗಿ, ಸಂಜೆಯ ಹೊತ್ತಿಗೆ ಎರಡು ಲೆಕ್ಕಗಳೂ ಬೇರೆ ಬೇರೆಯಾಗಿ ನಿಲ್ಲುವುವು. ಇಂಥ ಒಡಕನ್ನು ಯಂತ್ರವು ತಾನಾಗಿ ಕೂಡಿಸಲಾರದು. ಒಂದೊಂದು ನಮೂದನ್ನೂ ಮನುಷ್ಯರು ಕುಳಿತು ಹೊಂದಿಸಬೇಕು. ಬಾಗಿಲಿನಲ್ಲಿಯೇ ತಡೆದು ನಿಲ್ಲಿಸಿದುದರಿಂದ ಒಂದು ಗಂಟೆಯ ಕೆಲಸ ಕೆಟ್ಟೀತು, ಲೆಕ್ಕ ಕೆಡಲಿಲ್ಲ.

ಸದ್ದಿಲ್ಲದೆ ಸೋಲುವ ಏರ್ಪಾಡು ಎಂಥದೆಂಬುದಕ್ಕೆ ೨೦೧೭ನೆಯ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದು, ಆ ಸಂಸ್ಥೆಯವರೇ ಬಹಿರಂಗಪಡಿಸಿದ ಸಂಗತಿಯು ನಿದರ್ಶನವಾಗಿದೆ. ಅಲ್ಲಿ ಅನುಯಾಯಿ ಯಂತ್ರವು ಹಿಂದುಳಿದುದರಿಂದ ಅದನ್ನು ಹೊಸದಾಗಿ ಕಟ್ಟುವ ಯತ್ನದಲ್ಲಿದ್ದ ಎಂಜಿನಿಯರನು, ಅನುಯಾಯಿಯೆಂದು ತಿಳಿದು ಮೂಲಯಂತ್ರದ ಭಂಡಾರವನ್ನೇ ಅಳಿಸಲು ತೊಡಗಿದನು. ಒಂದೆರಡು ಸೆಕೆಂಡುಗಳಲ್ಲಿಯೇ ತಪ್ಪು ತಿಳಿದು ನಿಲ್ಲಿಸಿದರೂ, ೩೦೦ ಜಿಬಿಯಷ್ಟಿದ್ದ ಲೆಕ್ಕದಲ್ಲಿ ಉಳಿದುದು ೪.೫ ಜಿಬಿ ಮಾತ್ರ. ದಿನವೂ ತೆಗೆಯುತ್ತಿದ್ದ ನಕಲನ್ನು ಹುಡುಕಿದರೆ ಅದು ಇರಲೇ ಇಲ್ಲ. ಡೇಟಾಬೇಸು ೯.೬ ಆವೃತ್ತಿಯದು, ನಕಲು ತೆಗೆಯುವ ಸಲಕರಣೆಯು ೯.೨ರದಾಗಿ, ದಿನವೂ ಸೋಲುತ್ತಿತ್ತು. ಆ ಸೋಲನ್ನು ತಿಳಿಸುವ ಮಿಂಚಂಚೆಗಳೂ ಯಾರನ್ನೂ ಮುಟ್ಟಿರಲಿಲ್ಲ. ದೈವವಶಾತ್ ಬೇರೊಂದು ಕೆಲಸಕ್ಕಾಗಿ ೬ ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಸಿಕ್ಕಿತು. ಆ ೬ ಗಂಟೆಗಳ ಅವಧಿಯ ಸುಮಾರು ೫,೦೦೦ ಯೋಜನೆಗಳೂ, ೫,೦೦೦ ಟಿಪ್ಪಣಿಗಳೂ, ೭೦೦ ಹೊಸ ಬಳಕೆದಾರರ ಖಾತೆಗಳೂ ಹೋದುವು. ರಿಕವರಿ.ಕಾನ್ಫ್ ಕಡತವು ಈ ಅನಾಹುತಕ್ಕೆ ಕಾರಣವೆಂದು ಹೇಳಲಾಗದು. ಆದರೆ ಹಳೆಯ ಸಲಕರಣೆಯು ಹೊಸ ಆವೃತ್ತಿಯೆದುರು ಗುಟ್ಟಾಗಿ ಸೋತುದಕ್ಕೂ, ೧೨ನೆಯ ಆವೃತ್ತಿಯು ಹಳೆಯ ಕಡತವನ್ನು ಕಂಡು ಗಟ್ಟಿಯಾಗಿ ನಿರಾಕರಿಸುವುದಕ್ಕೂ ಇರುವ ಅಂತರವನ್ನು ಗಮನಿಸಬೇಕು.

ಬದಲಾವಣೆಯ ವೆಚ್ಚ

ಹೊರಗಿನ ಸಲಕರಣೆಗಳನ್ನು ಮಾಡುವವರು ಹೊಸ ಪದ್ಧತಿಗೆ ತಕ್ಕ ಆವೃತ್ತಿಗಳನ್ನು ಹೊರಡಿಸಬೇಕಾಯಿತು, ಹೊರಡಿಸಿದರು. ಆತುರಪಡಲಾರದವರಿಗೆ ಕಾಲಾವಕಾಶವೂ ಇತ್ತು. ಪೋಸ್ಟ್‌ಗ್ರೆಸಿನ ಪ್ರತಿಯೊಂದು ಮುಖ್ಯ ಆವೃತ್ತಿಗೂ ೫ ವರ್ಷಗಳ ಪೋಷಣೆಯುಂಟು. ಹಳೆಯ ಪದ್ಧತಿಯ ಕಡೆಯದಾದ ೧೧ನೆಯ ಆವೃತ್ತಿಗೆ ೨೦೨೩ನೆಯ ನವೆಂಬರಿನವರೆಗೂ ತಿದ್ದುಪಡಿಗಳು ದೊರೆಯುತ್ತಿದ್ದುವು. ಹಳತಿನಿಂದ ಹೊಸತಿಗೆ ದಾಟಲು ಕೊಟ್ಟ ಈ ನಾಲ್ಕು ವರ್ಷಗಳ ಗಡುವನ್ನು ನ್ಯಾಯವಾದುದೆಂದೇ ಹೇಳಬೇಕು.

ಅದೇ ಸಂದರ್ಭದಲ್ಲಿ ಇನ್ನೆರಡು ಬಿಗಿಗಳನ್ನೂ ಮಾಡಿದರು. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಗಳಿಗೆಯಿಂದಲೂ ಹೇಳಬಹುದು, ವ್ಯವಹಾರದ ಸಂಖ್ಯೆಯಿಂದಲೂ ಹೇಳಬಹುದು. ಪೂರ್ವದಲ್ಲಿ ಎರಡನ್ನೂ ಬರೆದಿದ್ದರೆ ಕಡೆಯದು ಸದ್ದಿಲ್ಲದೆ ಗೆಲ್ಲುತ್ತಿತ್ತು. ೧೨ರಿಂದ ಈಚೆಗೆ ಅದು ತಪ್ಪೆಂದು ತಿರಸ್ಕೃತವಾಗುವುದು. ಎರಡನೆಯದು ಕವಲಿನ ವಿಷಯ. ಅನುಯಾಯಿಯೊಂದು ಪಟ್ಟಕ್ಕೇರಿದಾಗ ಖಿರ್ದಿಯು ಅಲ್ಲಿಂದ ಹೊಸ ಕವಲಾಗಿ ಹರಿಯುವುದು. ಹಿಂದೆ, ಬೇರೆ ಹೇಳದಿದ್ದರೆ ಮಿಕ್ಕ ಅನುಯಾಯಿಗಳು ನಕಲು ತೆಗೆದಾಗಿನ ಹಳೆಯ ಕಾಲುವೆಯಲ್ಲಿಯೇ ನಿಂತು ನೀರಿಗೆ ಕಾಯುತ್ತಿದ್ದುವು. ಈಗ ಹೊಸ ಕವಲನ್ನೇ ಹಿಡಿಯುವುದು ಮಾಮೂಲಾಗಿದೆ. ಮುಂದೆ ೨೦೨೦ರ ೧೩ನೆಯ ಆವೃತ್ತಿಯಲ್ಲಿ, ಹೇಳಿದ ಗಳಿಗೆಯನ್ನು ಮುಟ್ಟುವ ಮೊದಲೇ ಖಿರ್ದಿಯ ಹಾಳೆಗಳು ಮುಗಿದುಹೋದರೆ ಯಂತ್ರವು ಬಾಗಿಲು ತೆರೆಯದೆ ತಪ್ಪನ್ನು ಸಾರಿ ನಿಲ್ಲುವಂತೆ ಮಾಡಿದರು. ಮೂಲಯಂತ್ರದ ವಿಳಾಸವನ್ನು ಅನುಯಾಯಿಯನ್ನು ನಿಲ್ಲಿಸದೆಯೇ ಬದಲಿಸುವ ಅನುಕೂಲವೂ ಆಗಲೇ ಬಂದಿತು. ಅಪ್ಪಣೆಗಳು ಮುಖ್ಯ ಕಡತಕ್ಕೆ ಸೇರಿರದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹೊಸತರಲ್ಲಿಯೂ ಎಚ್ಚರಿಕೆಗೆ ಎಡೆಯುಂಟು. ನಕಲು ತೆಗೆಯುವ ಸಲಕರಣೆಯು ಅನುಯಾಯಿಗೆ ಬೇಕಾದ ಅಪ್ಪಣೆಗಳನ್ನು ಯಂತ್ರವೇ ಬರೆದುಕೊಳ್ಳುವ ಇನ್ನೊಂದು ಉಪಕಡತದ ಕೊನೆಗೆ ಸೇರಿಸುತ್ತದೆ. ಆ ಉಪಕಡತದ ಮಾತು ಮುಖ್ಯ ಕಡತದ ಮಾತನ್ನು ಮೀರುವುದು. ಮುಖ್ಯ ಕಡತವನ್ನು ಮಾತ್ರ ತಿದ್ದಿ, ಯಂತ್ರವು ಯಾಕೆ ಕೇಳುತ್ತಿಲ್ಲವೆಂದು ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತವರುಂಟು. ಆದರೆ ಈಗ ಯಾವ ಅಪ್ಪಣೆಯು ಯಾವ ಕಡತದ ಎಷ್ಟನೆಯ ಸಾಲಿನಿಂದ ಬಂದಿತೆಂಬುದನ್ನು ಯಂತ್ರವನ್ನೇ ಕೇಳಿ ತಿಳಿಯಬಹುದು.

ಸಹಕಾರ ಸಂಘದ ಅಧ್ಯಕ್ಷರಾಗಿಯೋ ಆಡಳಿತ ಮಂಡಲಿಯ ಸದಸ್ಯರಾಗಿಯೋ ಇರುವ ಜಮೀನುದಾರರು ಈ ಕಡತಗಳ ಹೆಸರುಗಳನ್ನು ನೆನಪಿನಲ್ಲಿಡಬೇಕಾದುದಿಲ್ಲ. ಲೆಕ್ಕದ ಯಂತ್ರವನ್ನು ನೋಡಿಕೊಳ್ಳುವವರು, ಅವರು ಯಾವ ಡೇಟಾಬೇಸನ್ನೇ ಬಳಸುತ್ತಿರಲಿ, ಕೆಲವು ಪ್ರಶ್ನೆಗಳಿಗೆ ಲಿಖಿತವಾಗಿ ಉತ್ತರ ಕೊಡುವಂತೆ ಮಾಡಿದರೆ ಸಾಕು. ನಕಲು ಎಲ್ಲಿದೆ? ಮೂಲವಿರುವ ಕಟ್ಟಡದಲ್ಲಿಯೇ ಇದೆಯೇ? ಅನುಯಾಯಿ ಯಂತ್ರವಿದ್ದರೆ ಅದೊಂದೇ ಸಾಲದು. ಮೂಲದಲ್ಲಿ ತಪ್ಪಿ ಅಳಿಸಿದುದು ಮರುಗಳಿಗೆಯಲ್ಲಿ ಅನುಯಾಯಿಯಲ್ಲಿಯೂ ಅಳಿಸಿಹೋಗುವುದರಿಂದ, ಹಿಂದಿನ ಗಳಿಗೆಗೆ ಮರಳುವ ಖಿರ್ದಿಯ ಸಂಗ್ರಹವು ಬೇರೆಯಾಗಿ ಇದೆಯೇ ಎಂದು ಕೇಳಬೇಕು. ಆವೃತ್ತಿಯನ್ನು ಬದಲಿಸಿದ ಮೇಲೆ ನಕಲಿನ ಆಜ್ಞಾಪತ್ರಗಳನ್ನು ಯಾರು, ಯಾವ ದಿವಸ ಪರೀಕ್ಷಿಸಿದರು ಎಂಬುದಕ್ಕೆ ಹೆಸರೂ ತಾರೀಖೂ ಇರಬೇಕು. ವರ್ಷದಲ್ಲಿ ಎರಡು ಸಲವಾದರೂ, ಬಿತ್ತನೆಯ ಸಾಲದ ದಟ್ಟಣೆಯಿಲ್ಲದ ದಿವಸಗಳನ್ನು ನೋಡಿ, ಬೇರೊಂದು ಯಂತ್ರದ ಮೇಲೆ ನಕಲಿನಿಂದ ಲೆಕ್ಕವನ್ನು ನಿಜವಾಗಿ ಎಬ್ಬಿಸಿ, ನಾಲ್ಕಾರು ಸದಸ್ಯರ ಖಾತೆಗಳನ್ನು ಅವರ ಕೈಯಲ್ಲಿರುವ ಪಾಸ್‌ಬುಕ್ಕಿನೊಡನೆ ತಾಳೆ ನೋಡತಕ್ಕದ್ದು. ಎಬ್ಬಿಸಲು ಎಷ್ಟು ಗಂಟೆ ಹಿಡಿಯಿತೆಂಬುದನ್ನೂ ಸಭೆಯ ನಡವಳಿ ಪುಸ್ತಕದಲ್ಲಿ ಬರೆಯಿಸಿಡಬೇಕು.